ಗುರುವಾರ, ಒಂದರಿಂದ ನಾಲ್ಕು

ಚರಿತ್ರೆ ನೋಡಲು ಬಂದವನಲ್ಲ ನಾನು.
ನೆಲಮಾಳಿಗೆಯಲ್ಲಿ ಪೈಪು ಸೋರುತ್ತಿದೆ, ಬೇಗ ಬಾ ಎಂದು
ವರ್ನಾ ಶ್ಲಿಖ್ಟಿಂಗ್ ಫೋನು ಮಾಡಿದ್ದಳು.
ಎಂಬತ್ತೆರಡು ವರ್ಷ, ಕೊರಳ ಸರಕ್ಕೆ ಕಟ್ಟಿದ ಕನ್ನಡಕ,
ಕೋಲ್ಟರ್ಸ್ ಬೆಂಡ್ ಸ್ಮಾರಕ ಸಂರಕ್ಷಣಾ ಸಂಘದ
ಅಧ್ಯಕ್ಷೆ, ಕಾರ್ಯದರ್ಶಿ, ಜವಾನ, ಮೂರೂ ಅವಳೇ.

ಬಾಗಿಲಲ್ಲಿ ಫಲಕ: ಗುರುವಾರ, ಒಂದರಿಂದ ನಾಲ್ಕು.
ಮಿಕ್ಕ ದಿನ ನಮ್ಮೂರಿಗೆ ಭೂತಕಾಲವಿಲ್ಲ.

ಒಂದು ಕಾಲಕ್ಕೆ ಇಲ್ಲಿ ಬೆಂಕಿ ಆರಿಸುವವರ ಕುದುರೆಗಳಿದ್ದವು.
ಈಗ ಗಾಜಿನ ಪೆಟ್ಟಿಗೆಯೊಳಗೆ ಮಿಸಿಸಿಪಿಯ ಕಪ್ಪೆಚಿಪ್ಪುಗಳು,
ಒಂದೊಂದರಲ್ಲೂ ಐದಾರು ದುಂಡು ತೂತು,
ಅಂಗಿಗುಂಡಿ ಕೊರೆದುಕೊಂಡು ಬಿಟ್ಟ ಸಿಪ್ಪೆ.
ಎಷ್ಟೋ ಊರುಗಳ ಎದೆ ಮುಚ್ಚಿದ್ದು ನಮ್ಮ ಹೊಳೆ
ಎನ್ನುತ್ತಾಳೆ ವರ್ನಾ, ಶಾಲಾಮಕ್ಕಳಿಗೆ ಹೇಳುವ ದನಿಯಲ್ಲೇ.
ಚಿಪ್ಪು ಮುಗಿಯಿತು, ಪ್ಲಾಸ್ಟಿಕ್ ಬಂತು,
ಉಳಿದದ್ದು ತೂತು.

ಕೆಳಗೆ ಥಂಡಿ. ಹಳೆ ಕಾಗದಕ್ಕೆ
ಜೋಳದ ಕಣಜದ್ದೇ ವಾಸನೆ, ತುಸು ಹುಳಿ ಹೆಚ್ಚು.
ಬೂದು ರಟ್ಟಿನ ಡಬ್ಬಿಗಳ ಸಾಲು, ಅವುಗಳ ನೆತ್ತಿಗೆ ಸರಿಯಾಗಿ
ತಾಮ್ರದ ಕೊಳವೆ, ಮೂಲೆಯ ಬೆಸುಗೆಯಲ್ಲಿ ಹಸಿರು ಕಿಲುಬು,
ಎಣಿಸಿ ಎಣಿಸಿ ಬೀಳುವ ಹನಿ.
ಅವಳಿಟ್ಟ ಸೂಪಿನ ಪಾತ್ರೆ ಆಗಲೇ ತುಂಬಿ ತುಳುಕಿತ್ತು.

"ಡಬ್ಬಿ ಸರಿಸು, ಮೊದಲು ಕೈ ಒರೆಸಿಕೊ."
ಒರೆಸಿಕೊಂಡೆ. ಸರಿಸಿದೆ. ಹದಿನಾಲ್ಕನೆಯದರ ತಳ ನೆಂದಿತ್ತು,
ಕೈಯಲ್ಲೇ ಬಿಚ್ಚಿಕೊಂಡು ಬಿತ್ತು
ಗುಂಡಿ ಕಾರ್ಖಾನೆಯ ಸಂಬಳದ ಪುಸ್ತಕ.

ತೆರೆದದ್ದು ಮುಷ್ಕರದ ಏಪ್ರಿಲ್.
ಆ ಏಪ್ರಿಲ್ ನನಗೆ ಬಾಯಿಪಾಠ.
ಪ್ರತಿ ನವೆಂಬರಿನ ಹಬ್ಬದ ಗುರುವಾರ
ಟರ್ಕಿ ಕೊಯ್ಯುವ ಚಾಕು ಕೈಯಲ್ಲಿ ಹಿಡಿದೇ ಅಪ್ಪ ಹೇಳುತ್ತಿದ್ದ:
ಗೇಟಿನೆದುರು ನಿಂತಳು ನಿಮ್ಮಜ್ಜಿ ಒಟೀಲಿ, ಹದಿನೇಳರ ಹುಡುಗಿ,
ಶೆರಿಫನ ಕುದುರೆಯ ಲಗಾಮಿಗೇ ಕೈ ಹಾಕಿದಳು.
ವರ್ಷ ಹೋದಂತೆ ಕುದುರೆ ಎತ್ತರವಾಯಿತು.
ಅಜ್ಜಿ ಮಾತ್ರ ಕೇಳಿಯೂ ಕೇಳದವಳಂತೆ
ಆಲೂಗಡ್ಡೆಯ ಬಟ್ಟಲನ್ನು ಆಚೆ ದಾಟಿಸುತ್ತಿದ್ದಳು.

ಪುಟದ ತುಂಬ ಹೆಸರು. ಹೆಸರಿನ ಮುಂದೆ ಗೀಟು, ಗೀಟು, ಗೀಟು.
ಎಂಟೇ ಎಂಟು ಕಡೆ ಅಂಕಿ.
ಒಟೀಲಿ ಬ್ರಾಂಟ್, ಗುಂಡಿ ಹೊಲಿಯುವ ವಿಭಾಗ, ಆರು ದಿನ,
ಮೂರು ಡಾಲರ್ ಅರವತ್ತು ಸೆಂಟ್.
ಪಕ್ಕದಲ್ಲಿ ಸಹಿ. ಆ ಮೊದಲಕ್ಷರದ ಬಾಲ ನನಗೆ ಗೊತ್ತು,
ಹುಟ್ಟುಹಬ್ಬದ ಹತ್ತು ಕಾರ್ಡುಗಳಲ್ಲಿ ನೋಡಿದ್ದೇನೆ.

ಗೇಟು ಇದ್ದದ್ದು ಒಂದೇ.
ಒಳಹೋಗಲು ಅವಳು ಆ ಕುದುರೆಯ ಪಕ್ಕದಲ್ಲೇ ನುಸುಳಿರಬೇಕು,
ಲಗಾಮು ಹಿಡಿದವಳನ್ನು ಕಂಡಿರಬೇಕು, ಹೆಸರು ಹಿಡಿದು
ಅವಳು ಕೂಗಿಯೂ ಇರಬಹುದು.
ಈ ಗೀಟುಗಳಲ್ಲಿ ಯಾವುದು ಅವಳದೋ.

ಮೇಲೆ ಹನಿ ಎಣಿಸುತ್ತಲೇ ಇತ್ತು.
ಹಳೆ ಮಸಿ, ಹೆಚ್ಚೆಂದರೆ ಕಾಲು ಗಂಟೆ.
ಬೇಕಾದ ಭಾಗ ಟ್ರಕ್ಕಿನಲ್ಲಿದೆ, ತರುತ್ತೇನೆ ಎಂದು ಹೋಗಿ
ಒಂದು ಸಿಗರೇಟು ಸೇದಿ ಬಂದರೆ ಸಾಕಿತ್ತು.
ನೀರು ಯಾರ ಮೇಲೂ ಚಾಡಿ ಹೇಳುವುದಿಲ್ಲ,
ಮೂವತ್ತೆಂಟು ವರ್ಷ ಅದರ ಜೊತೆ ಬಾಳಿದ್ದೇನೆ.

"ಸಿಕ್ಕಿತೇ?" ವರ್ನಾ, ಮೆಟ್ಟಿಲ ಮೇಲಿಂದ.
ಸೋರುವ ಜಾಗ ಕೇಳುತ್ತಿದ್ದಾಳೆ ಎಂದುಕೊಂಡೆ.
"ಕೆಳಗಿನಿಂದ ಮೂರನೆಯವಳು ನಮ್ಮಜ್ಜಿ.
ಕಾಫಿಗೆ ಸಕ್ಕರೆ ಎಷ್ಟು?"

ನೀರು ಕಟ್ಟಿದೆ, ಕಿಲುಬು ಉಜ್ಜಿದೆ, ಬೆಸೆದೆ.
ಅವಳು ಪುಟಕ್ಕೊಂದು ಹೀರುಕಾಗದ ಇಡುತ್ತ ಹೋದಳು,
ಹೊಸ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಹದಿನಾಲ್ಕು ಎಂದು ಬರೆದು
ಕೊಳವೆಯಿಂದ ದೂರ, ಬೇರೆ ಗೋಡೆಗೆ ಇಟ್ಟಳು.

ಬಿಲ್ಲು ಬರೆದೆ: ತಾಮ್ರದ ಮೂಲೆ ಒಂದು, ಬೆಸುಗೆತಂತಿ.
ಕೂಲಿ ಎಂಬಲ್ಲಿ ಗೀಟು.

ನಾಲ್ಕು ಹೊಡೆಯಿತು. ಅವಳು ಬೀಗ ಹಾಕಿದಳು.
ಹಬ್ಬಕ್ಕೆ ಇನ್ನು ಐದು ವಾರ. ಅಪ್ಪ ಈಗಿಲ್ಲ.
ಆ ಕುದುರೆಯ ಲಗಾಮು
ಈ ಸಲ ನನ್ನ ಕೈಗೆ ಬಂದಿದೆ.